ಜಾರಿದ್ದೂ ಒಂದು ಪಟ್ಟು

ಹೋದ ವರ್ಷ ಜೂನ್ ತಿಂಗಳ ಒಂದು ಸಂಜೆ ಹರಿಹರದ ಸ್ಟೇಷನ್ನಿನಲ್ಲಿ ಒಂದು ತಪ್ಪು ಮಾಡಿದೆ. ಕಾಲೇಜಿನಲ್ಲಿ ಮೀಟಿಂಗ್ ಮುಗಿಯುವುದು ತಡವಾಗಿತ್ತು. ದಾವಣಗೆರೆ ಕಡೆಗೆ ಹೋಗುವ ಗಾಡಿ ಆಗಲೇ ಬಂದು ನಿಂತಿತ್ತು. ಸುತ್ತಿ ಬರುವಷ್ಟು ಹೊತ್ತಿಲ್ಲ ಅಂತ ಹಳಿ ದಾಟಿ, ಪ್ಲಾಟ್‌ಫಾರ್ಮ್ ಇಲ್ಲದ ಬದಿಯಿಂದ ಹತ್ತಲು ಹೋದೆ. ದಯವಿಟ್ಟು ನೀವು ಯಾರೂ ಹೀಗೆ ಮಾಡಬೇಡಿ, ನಾನೂ ಆಮೇಲೆ ಮಾಡಿಲ್ಲ. ಕೆಳಗೆ ಜಲ್ಲಿ ಮೇಲೆ ನಿಂತು ನೋಡಿದರೆ ಬೋಗಿಯ ಬಾಗಿಲು ಎದೆಮಟ್ಟಕ್ಕಿತ್ತು. ಎರಡೂ ಕಡೆಯ ಹಿಡಿಕೆ ಹಿಡಿದು, ಕೆಳಗಿನ ಮೆಟ್ಟಿಲಿಗೆ ಒಂದು ಕಾಲು ಹೇಗೋ ತಾಗಿಸಿ ಮೈ ಎಳೆದುಕೊಂಡೆ. ಮೈ ಬರಲಿಲ್ಲ. ಇನ್ನೊಂದು ಸಲ ಎಳೆದೆ. ಸೀರೆ ಕಾಲಿಗೆ ತೊಡರಿತೇ ಹೊರತು ಮೈ ಒಂದು ಗೇಣೂ ಮೇಲೇರಲಿಲ್ಲ. ಅಷ್ಟರಲ್ಲಿ ಗಾಡಿ ಸೀಟಿ ಹೊಡೆಯಿತು.

ಬಾಗಿಲ ಹತ್ತಿರ ಖಾಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ಎದ್ದಳು. "ಕೈ ಕೊಡವ್ವಾ" ಅಂದವಳೇ ನನ್ನ ರಟ್ಟೆ ಹಿಡಿದು ಒಂದೇ ಎಳೆತಕ್ಕೆ ಒಳಗೆ ಹಾಕಿಕೊಂಡಳು. ಆಕೆಗೆ ಅರವತ್ತೈದಾದರೂ ಆಗಿರಬೇಕು. ನನಗೆ ನಲವತ್ತೇಳು. "ನೋಡಾಕೆ ದುಂಡಗದೀಯ, ಕೈಯಾಗ ಏನೂ ಕಸುವಿಲ್ಲಲ್ಲವ್ವಾ" ಅಂದಳು. ಬೈಗುಳವಾಗಿರಲಿಲ್ಲ, ಕನಿಕರವಾಗಿತ್ತು. ಅದೇ ಜಾಸ್ತಿ ನಾಟಿದ್ದು.

ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್. ಅಷ್ಟು ದೂರವೂ ನಾನು ನನ್ನ ಎರಡು ಕೈ ನೋಡಿಕೊಂಡೇ ಕೂತಿದ್ದೆ. ಹತ್ತು ವರ್ಷದಿಂದ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಮಾಡುವವಳು ನಾನು. ಶುಗರ್ ಇಲ್ಲ, ಬಿಪಿ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುವವಳು. ಆದರೆ ನನ್ನ ಭಾರವನ್ನು ನಾನೇ ಎರಡಡಿ ಎತ್ತಿಕೊಳ್ಳಬೇಕಾಗಿ ಬಂದಾಗ ಆಗಲಿಲ್ಲ. ಅಜ್ಜಿ ಅವತ್ತು ಬಾಗಿಲಲ್ಲಿ ಕೂತಿರದಿದ್ದರೆ, ಗಾಡಿ ಹೊರಟುಬಿಟ್ಟಿದ್ದರೆ, ಕೈ ಜಾರಿದ್ದರೆ ಅಂತ ರಾತ್ರಿಯೆಲ್ಲ ಯೋಚನೆ.

ಹರಿಹರದಲ್ಲಿ ನಮ್ಮ ಅಣ್ಣನ ಮನೆ. ಅಣ್ಣ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತ್ ಮೇಲೆ ಕೆಲಸ ಕಲಿತವನು. 1941ರಲ್ಲಿ ಶುರುವಾಗಿ ಊರಿಗೆ ಊರನ್ನೇ ಲೇತಿನ ಊರು ಮಾಡಿದ್ದ ಆ ಕಾರ್ಖಾನೆ ಮುಚ್ಚಿದ ಮೇಲೆ, ಒಂದು ಹಳೇ ಲೇತ್ ತಂದು ಸಣ್ಣ ಶೆಡ್ಡಿನಲ್ಲಿ ಜಾಬ್ ವರ್ಕ್ ಮಾಡುತ್ತಾನೆ. ಅವನ ಮಗನಿಗೆ ಇಪ್ಪತ್ತು ವರ್ಷ. ಪಿಯುಸಿ ಮುಗಿಸಿ ಅಗ್ನಿವೀರ ಆಗಬೇಕು ಅಂತ ಬೆಳಗಿನ ಜಾವ ನಾಲ್ಕೂವರೆಗೇ ಎದ್ದು ಓಡುತ್ತಿದ್ದ. ಹಿತ್ತಲಲ್ಲಿ, ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯ ಎರಡು ಕಂಬಕ್ಕೆ ಅಡ್ಡ ಒಂದು ಪೈಪು ಹಾಕಿಸಿಕೊಂಡು ಪುಲ್ ಅಪ್ ಮಾಡುತ್ತಿದ್ದ. ಸೇನೆಯ ಭರ್ತಿಯಲ್ಲಿ ಅದಕ್ಕೆ ಬೀಮ್ ಅಂತಾರೆ. ಹತ್ತು ಸಲ ಎಳೆದರೆ 40 ಅಂಕ, ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16. ಐದೇ ಆದರೆ ಮನೆಗೆ. ಅವನು ಆಗ ಏಳರಲ್ಲಿದ್ದ.

ಆ ಭಾನುವಾರ ಅಣ್ಣನ ಮನೆಗೆ ಹೋದಾಗ ರೈಲಿನ ಕಥೆ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಊಟ ಆದ ಮೇಲೆ ಹಿತ್ತಲಿಗೆ ಹೋಗಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಆ ಪೈಪು ಹಿಡಿದು ಜೋತುಬಿದ್ದೆ. ಒಂಬತ್ತು ಸೆಕೆಂಡಿಗೆ ಬೆರಳು ಬಿಚ್ಚಿಕೊಂಡವು. ಒಂಬತ್ತು ಅಂತ ನನಗೆ ಹೇಗೆ ಗೊತ್ತು ಅಂದರೆ, ಹಿಂದೆ ನಿಂತು ಹುಡುಗ ಎಣಿಸುತ್ತಿದ್ದ.

"ಅತ್ತೆ, ಒಂದು ಪುಲ್ ಅಪ್ ಹೊಡೀತೀಯೇನು?"

"ಈ ವಯಸ್ಸಿಗೆ ಬರ್ತದೇನೋ?"

"ಬರ್ತತಿ. ಟೈಮ್ ಹಿಡಿತತಿ, ಅಷ್ಟೇ."

ಅಣ್ಣ ಏನೂ ಮಾತಾಡಲಿಲ್ಲ. ಶೆಡ್ಡಿನಿಂದ ವರ್ನಿಯರ್ ತಂದು ಪೈಪಿನ ಅಳತೆ ನೋಡಿದ. ಒಂದೂವರೆ ಇಂಚಿನ ಜಿಐ ಪೈಪು, ಹೊರಗಿನ ಸುತ್ತಳತೆಯ ಅಡ್ಡಗಲ 48 ಮಿಲಿಮೀಟರ್. "ಇದು ಅವನ ಕೈಗೇ ದಪ್ಪ, ನಿನ್ನ ಕೈಗೆ ಎಲ್ಲಿ ಸಿಗಬೇಕು" ಅಂದ. ಮುಂದಿನ ವಾರ ಹೋದಾಗ ಇನ್ನೊಂದು ಕಂಬದ ಜೋಡಿಗೆ, ಸ್ವಲ್ಪ ತಗ್ಗಿನಲ್ಲಿ, ಹೊಸ ಸರಳು ಕೂತಿತ್ತು. ಗಟ್ಟಿ ಎಂ.ಎಸ್. ರಾಡನ್ನು ಲೇತಿಗೆ ಕಟ್ಟಿ 28 ಮಿಲಿಮೀಟರಿಗೆ ತೆಗೆದು, ಕೈ ಜಾರದ ಹಾಗೆ ಸಣ್ಣಗೆ ನರ್ಲಿಂಗ್ ಹಾಕಿದ್ದ. ನನಗೆ ಮದುವೆಯಲ್ಲಿ ಕೊಟ್ಟ ಬೀರುವಿಗಿಂತ ಈ ಸರಳು ಚೆನ್ನಾಗಿತ್ತು. ಅದರಲ್ಲಿ ಜೋತುಬಿದ್ದರೆ ಹದಿನಾರು ಸೆಕೆಂಡು! ಕಸುವು ಬೆಳೆದಿರಲಿಲ್ಲ, ಹಿಡಿತ ಸಿಕ್ಕಿತ್ತು.

ನಮ್ಮ ಕಡೆ ಇದೆಲ್ಲ ಹೊಸದೇನಲ್ಲ. ದಾವಣಗೆರೆಯ ಹಳೇ ಊರಿನಲ್ಲಿ ನಮ್ಮಜ್ಜ ಹತ್ತಿ ಗಿರಣಿಯ ಪಾಳಿ ಮುಗಿಸಿ ಸೀದಾ ಗರಡಿಮನೆಗೆ ಹೋಗುತ್ತಿದ್ದ. ದುಗ್ಗಮ್ಮನ ಜಾತ್ರೆ ಬಂತೆಂದರೆ ಕುಸ್ತಿ ಕಣದ ಹತ್ತಿರ ಅವನನ್ನು ಹುಡುಕಬೇಕಿತ್ತು. ಚಿಕ್ಕವಳಿದ್ದಾಗ ಅಜ್ಜನಿಗೆ ಹಾಲಿನ ಚೊಂಬು ಕೊಡಲು ಹೋಗಿ ಗರಡಿಯ ಹೊರಗಿನ ಕಟ್ಟೆ ಮೇಲೆ ಕೂತಿರುತ್ತಿದ್ದೆ. ಒಳಗಿನಿಂದ ಎಣ್ಣೆ, ಕೆಮ್ಮಣ್ಣು, ಬೆವರಿನ ವಾಸನೆ. ದಂಡ ಹೊಡೆಯುವವರ ಉಸಿರು. ಕರ್ಲಾ ತಿರುಗುವ ಸದ್ದು. ಅಣ್ಣ ಹೊಸ್ತಿಲು ದಾಟಿ ಒಳಗೆ ಹೋಗುತ್ತಿದ್ದ, ನಾನು ದಾಟುವ ಹಾಗಿರಲಿಲ್ಲ. ಯಾರೂ ಬೈದು ತಡೆದದ್ದಲ್ಲ. ಹೋಗಬಾರದು ಅಂತ ನನಗೇ ಗೊತ್ತಿತ್ತು.

ಆಮೇಲೆ ಕನ್ನಡ ಎಂ.ಎ. ಮಾಡಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವ್ಯಾಯಾಮದ ವಿವರ, ಮಲ್ಲಸ್ತಂಭದ ಮಾತು ಇರುವುದನ್ನು ಪರೀಕ್ಷೆಗೆ ಓದಿದ್ದೆ. ಹನ್ನೆರಡನೇ ಶತಮಾನದ ಗ್ರಂಥ ಅದು. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ದೇಹದಾರ್ಢ್ಯ ಪಟು ಅಂತ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ತೋಳ್ಬಲ, ಕಟ್ಟುಮಸ್ತು, ಜಗಜಟ್ಟಿ ಅಂತ ನಿಘಂಟಿನ ಪದವೆಲ್ಲ ನನಗೆ ಗೊತ್ತು. ಆ ಪದಗಳಲ್ಲಿ ಒಂದಾದರೂ ನನ್ನ ಮೈಗೆ ಸಂಬಂಧಪಟ್ಟದ್ದು ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಜುಲೈಯಲ್ಲಿ ಶುರು ಮಾಡಿದೆವು. ಸೋಮವಾರ, ಬುಧವಾರ, ಶುಕ್ರವಾರ ಕಾಲೇಜು ಬಿಟ್ಟ ಮೇಲೆ ಅಣ್ಣನ ಮನೆ. ಅತ್ತಿಗೆಯ ಹಳೇ ಚೂಡಿದಾರ ಹಾಕಿಕೊಂಡು ಹಿತ್ತಲಿಗೆ. ಹುಡುಗ ನನ್ನ ವಸ್ತಾದ. ಮೊದಲ ತಿಂಗಳು ಮೇಲೆ ಎಳೆಯುವ ಮಾತೇ ಇಲ್ಲ. ಬರೀ ಜೋತುಬೀಳುವುದು. ಆಮೇಲೆ ಜೋತುಬಿದ್ದಲ್ಲೇ, ಮೊಣಕೈ ಮಡಚದೆ, ಹೆಗಲನ್ನು ಮಾತ್ರ ಕೆಳಕ್ಕೆ ಎಳೆದುಕೊಳ್ಳುವುದು. ಮೈ ಎರಡೇ ಬೆರಳು ಮೇಲೇರುತ್ತದೆ. ನೋಡುವವರಿಗೆ ಇವಳೇನು ಮಾಡುತ್ತಿದ್ದಾಳೆ ಅಂತಲೇ ತಿಳಿಯುವುದಿಲ್ಲ. ಆದರೆ ಬೆನ್ನಿನ ಎರಡೂ ಪಕ್ಕದಲ್ಲಿ, ಕಂಕುಳಿನಿಂದ ಸೊಂಟದ ತನಕ ಹರಡಿಕೊಂಡಿರುವ ದೊಡ್ಡ ಸ್ನಾಯು ಇದೆಯಲ್ಲ, ಅದು ಎಲ್ಲಿದೆ ಅಂತ ನನಗೆ ಮೊದಲ ಬಾರಿ ಗೊತ್ತಾದದ್ದು ಆಗ. ಪುಲ್ ಅಪ್ ಅಂದರೆ ತೋಳಿನ ಕೆಲಸ ಅಂದುಕೊಂಡಿದ್ದೆ. ದೊಡ್ಡ ಪಾಲು ಬೆನ್ನಿನದು.

ಇನ್ನೊಂದು ಸರಳನ್ನು ಸೊಂಟದ ಎತ್ತರಕ್ಕೆ ಕಟ್ಟಿ, ಅದರ ಕೆಳಗೆ ಓರೆಯಾಗಿ ಮಲಗಿದ ಹಾಗೆ ಇದ್ದು, ಹಿಮ್ಮಡಿ ನೆಲದಲ್ಲೇ ಊರಿ ಎದೆಯನ್ನು ಸರಳಿಗೆ ತರುವುದು ಮುಂದಿನ ಪಾಠ. ಮೊದಲ ದಿನ ಮೂರು ಬಂತು, ತಿಂಗಳಾದ ಮೇಲೆ ಹನ್ನೆರಡು. ಶುರುವಿನ ವಾರಗಳಲ್ಲಿ ಇಷ್ಟು ಬೇಗ ಏರುವುದಕ್ಕೆ ಕಾರಣ ಇದೆ. ಸ್ನಾಯು ದಪ್ಪವಾಗಲು ತಿಂಗಳುಗಳೇ ಬೇಕು. ಆದರೆ ಇರುವ ಸ್ನಾಯುವನ್ನೇ ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ನರಗಳು ಬೇಗ ಕಲಿಯುತ್ತವೆ. ನಮ್ಮ ಮನೆಯಲ್ಲಿ ಹತ್ತು ಜನ ಇದ್ದರೂ ಕೆಲಸಕ್ಕೆ ಏಳುವವರು ಮೂರೇ ಜನ ಇದ್ದ ಹಾಗಿತ್ತು ಅಷ್ಟೂ ದಿನ. ಈಗ ಒಬ್ಬೊಬ್ಬರೇ ಎದ್ದರು.

ಆ ಹುರುಪಿನಲ್ಲೇ ಎಡವಟ್ಟಾಯಿತು. ದಸರಾ ರಜೆ ಸಿಕ್ಕಿತಲ್ಲ, ದಿನಾ ಹರಿಹರಕ್ಕೆ ಹೋಗಿ ದಿನಾ ಎಳೆದೆ. ಎಂಟನೇ ದಿನ ಬಲ ಮೊಣಕೈಯ ಒಳಬದಿಯಲ್ಲಿ ಶುರುವಾದ ನೋವು, ಬಕೆಟ್ ಎತ್ತಿದರೂ, ಚಪಾತಿ ಲಟ್ಟಿಸಿದರೂ ಚುಳ್ ಅನ್ನತೊಡಗಿತು. ಬೋರ್ಡಿನ ಮೇಲೆ ಬರೆಯುವುದೇ ಕಷ್ಟವಾಯಿತು. ಸ್ನಾಯುವಿಗಿಂತ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನಕ್ಕೆ ಬಲಿಯುತ್ತದೆ, ಸ್ನಾಯು ತಯಾರಾಯಿತು ಅಂತ ಅದಕ್ಕೆ ಅವಸರ ಮಾಡಿದರೆ ಹೀಗಾಗುತ್ತದೆ ಅಂತ ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು. ಮೂರು ವಾರ ಸರಳು ಮುಟ್ಟಬಾರದು, ಆಮೇಲೆ ದಿನ ಬಿಟ್ಟು ದಿನ. ಮನೆಯವರು "ಇನ್ನು ಸಾಕು ಬಿಡು, ಯಾರಿಗೆ ತೋರಿಸಬೇಕು" ಅಂದರು. ನಾನೂ ಬಿಟ್ಟೇ ಬಿಡುತ್ತಿದ್ದೆನೇನೋ.

ಆ ಮೂರು ವಾರದಲ್ಲಿ ಹುಡುಗ ನನ್ನನ್ನು ಹುರಿದುಂಬಿಸಲಿ ಅಂತ ಮೊಬೈಲಿನಲ್ಲಿ ಏನೇನೋ ಕಳಿಸುತ್ತಿದ್ದ. ಅದರಲ್ಲಿ ಒಂದು, ಅಮೆರಿಕದ ಡೇಟನ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗದ ಸುದ್ದಿ. ಒಂದೂ ಪುಲ್ ಅಪ್ ಮಾಡಲಾಗದ 17 ಹೆಂಗಸರಿಗೆ ವಾರಕ್ಕೆ ಮೂರು ದಿನದಂತೆ ಮೂರು ತಿಂಗಳು ತರಬೇತಿ ಕೊಟ್ಟರಂತೆ. ಕೊನೆಗೆ ಒಂದು ಪುಲ್ ಅಪ್ ಮಾಡಿದವರು ನಾಲ್ಕೇ ಜನ. ಓದಿ ನನ್ನ ಜಂಘಾಬಲವೇ ಉಡುಗಿತು. "ಇದನ್ನ ಕಳಿಸಿ ಧೈರ್ಯ ಹೇಳ್ತೀಯೇನೋ?" ಅಂದೆ. "ಅಲ್ಲತ್ತೆ, ಮೂರು ತಿಂಗಳಿಗೆ ಬರ್ಲಿಲ್ಲ ಅಂದ್ರೆ ನಿನ್ನ ತಪ್ಪಲ್ಲ ಅಂತ ಹೇಳಿದ್ದು. ಅವರು ಮೂರು ತಿಂಗಳಿಗೆ ನಿಲ್ಲಿಸಿದ್ರು. ನಾವು ನಿಲ್ಲಿಸೋದು ಬ್ಯಾಡ" ಅಂದ. ಹೆಂಗಸರಿಗೆ ದೇಹದ ಮೇಲರ್ಧದಲ್ಲಿ ಸ್ನಾಯು ಗಂಡಸರಿಗಿಂತ ಕಡಿಮೆ, ಕೊಬ್ಬಿನ ಪಾಲು ಜಾಸ್ತಿ. ಅದು ನಿಸರ್ಗ. ಮೂವತ್ತು ದಾಟಿದ ಮೇಲೆ ಬಳಸದ ಸ್ನಾಯು ಕರಗುತ್ತಾ ಹೋಗುತ್ತದೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆಯೂ ಸವೆಯುತ್ತದೆ. ಅದೂ ನಿಸರ್ಗವೇ. ಆದರೆ ಭಾರ ಎತ್ತಿದರೆ ಎರಡೂ ತಿರುಗಿ ಗಟ್ಟಿಯಾಗುವುದೂ ನಿಸರ್ಗವೇ ತಾನೆ?

ನವೆಂಬರಿನಲ್ಲಿ ಮತ್ತೆ ಸರಳು ಹಿಡಿದಾಗ ಹುಡುಗ ಹೊಸ ಪಾಠ ಶುರು ಮಾಡಿದ. ಸ್ಟೂಲಿನ ಮೇಲೆ ನಿಂತು ಗದ್ದವನ್ನು ಮೊದಲೇ ಸರಳಿನ ಮೇಲಿಟ್ಟುಕೊಳ್ಳಬೇಕು. ಆಮೇಲೆ ಕಾಲು ತೆಗೆದು, ಆದಷ್ಟು ನಿಧಾನಕ್ಕೆ ಕೆಳಗಿಳಿಯಬೇಕು. ಏರುವುದು ಬೇಡವೇ ಬೇಡ, ಇಳಿಯುವುದು ಮಾತ್ರ. ಎತ್ತಲಾಗದಷ್ಟು ಭಾರವನ್ನೂ ಸ್ನಾಯು ತಡೆದು ಇಳಿಸಬಲ್ಲದು. ಬಾವಿಯಿಂದ ತುಂಬಿದ ಕೊಡ ಎಳೆಯಲಾಗದವರೂ ಅದನ್ನು ತಡೆದು ತಡೆದು ಕೆಳಗೆ ಬಿಡಬಹುದು, ಹಾಗೆ. ಹೀಗೆ ತಡೆದು ಇಳಿಸಿದಷ್ಟೂ, ಎತ್ತುವ ಕಸುವು ಅದೇ ದಾರಿಯಲ್ಲಿ ಬೆಳೆಯುತ್ತದೆ.

ಮೊದಲ ದಿನ ಕಾಲು ತೆಗೆದದ್ದೇ ದುಡುಂ ಅಂತ ಕೆಳಗೆ ಬಂದೆ. ಎರಡು ಸೆಕೆಂಡೂ ಇರಲಿಲ್ಲ. ನೋಡುತ್ತಾ ನಿಂತಿದ್ದ ಅಣ್ಣ, "ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು" ಅಂತ ಅಜ್ಜನ ದನಿಯಲ್ಲಿ ಹೇಳಿದ. ಎಲ್ಲರೂ ನಕ್ಕೆವು. ಬಿದ್ದವನು ಮರ್ಯಾದೆ ಉಳಿಸಿಕೊಳ್ಳಲು ಹೇಳುವ ಮಾತು ಅಂತಲೇ ನಾನು ಇಷ್ಟು ವರ್ಷ ಮಕ್ಕಳಿಗೆ ಈ ಗಾದೆಯ ಅರ್ಥ ಹೇಳಿದ್ದು. ಆದರೆ ಆ ಚಳಿಗಾಲವೆಲ್ಲ ನಾನು ಕಲಿತ ಒಂದೇ ಪಟ್ಟು ಅಂದರೆ ಜಾರುವುದು. ನಾಲ್ಕು ಸೆಕೆಂಡು. ಏಳು. ಸಂಕ್ರಾಂತಿ ಹೊತ್ತಿಗೆ ಹನ್ನೆರಡು. ಒಂದು ಸಂಜೆಗೆ ಐದೇ ಐದು ಸಲ, ನಡುನಡುವೆ ಎರಡೆರಡು ನಿಮಿಷ ವಿಶ್ರಾಂತಿ. ಮನೆಯಲ್ಲಿ ಮಂಡಕ್ಕಿ ಮಿರ್ಚಿ ಕಡಿಮೆ ಮಾಡಿ ಹೆಸರುಕಾಳು, ಶೇಂಗಾ, ಮೊಸರು ಜಾಸ್ತಿ ಮಾಡಿದೆ. ಬೆಣ್ಣೆದೋಸೆ ಮಾತ್ರ ಪೂರ್ತಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ದಾವಣಗೆರೆಯಲ್ಲಿದ್ದು ಆ ಮಾತು ಹೇಳಿದರೆ ಯಾರೂ ನಂಬುವುದೂ ಇಲ್ಲ. 66 ಕೆ.ಜಿ. ಇದ್ದವಳು 62ಕ್ಕೆ ಬಂದೆ. ಆ ನಾಲ್ಕು ಕೆ.ಜಿ.ಯನ್ನು ಇನ್ನು ನಾನು ಎತ್ತುವ ಹಾಗಿಲ್ಲವಲ್ಲ ಅನ್ನುವುದೇ ಖುಷಿ.

ಈ ನಡುವೆ ಹುಡುಗನ ಭರ್ತಿ ಬಂತು. ಆನ್‌ಲೈನ್ ಪರೀಕ್ಷೆ ಮೊದಲೇ ಪಾಸಾಗಿದ್ದ. ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ ಮುಗಿಸಿದ, ಒಂಬತ್ತಡಿ ಹಳ್ಳ ಹಾರಿದ, ಬೀಮಿನ ಮೇಲೆ ಎಂಟು ಎಳೆದ. ಮೆಡಿಕಲ್ ಕೂಡ ಆಯಿತು. ಮನೆಯಲ್ಲಿ ಹೋಳಿಗೆಗೆ ಬೇಳೆ ನೆನೆಹಾಕುವುದೊಂದು ಬಾಕಿ. ಫೆಬ್ರವರಿಯಲ್ಲಿ ಅಂತಿಮ ಪಟ್ಟಿ ಬಂದಾಗ ಅದರಲ್ಲಿ ಅವನ ನಂಬರ್ ಇರಲಿಲ್ಲ. ಫೇಲಾಗಿರಲಿಲ್ಲ, ಅವನಿಗಿಂತ ಹೆಚ್ಚು ಅಂಕದವರು ಇದ್ದರು, ಅಷ್ಟೇ. ಅವನ ವಯಸ್ಸು ಮುಂದಿನ ಸಲಕ್ಕೆ ದಾಟಿಹೋಗುತ್ತದೆ.

ಆ ವಾರ ನಾನು ಹೋದಾಗ ಅವನ ದಪ್ಪ ಪೈಪಿನ ಮೇಲೆ ಅತ್ತಿಗೆಯ ಎರಡು ಸೀರೆ ಒಣಗುತ್ತಿದ್ದವು. ಅವನು ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅಣ್ಣ ಶೆಡ್ಡಿನಿಂದ ಈಚೆಗೇ ಬರಲಿಲ್ಲ. ಲೇತಿನ ಸದ್ದು ಮಾತ್ರ ಕೇಳುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿರುವ ನನಗೆ ಆ ಹುಡುಗನಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಶ್ರಮಕ್ಕೆ ಫಲ ಇದ್ದೇ ಇರುತ್ತದೆ ಅನ್ನುವುದನ್ನು ಅವನ ಮುಂದೆ ನಿಂತು ಹೇಗೆ ಹೇಳಲಿ? ಅವನು ನನಗಿಂತ ಹತ್ತು ಪಟ್ಟು ದುಡಿದಿದ್ದ. ನನ್ನದು ಚಪಲ, ಅವನದು ಹೊಟ್ಟೆಪಾಡು. ಕೊನೆಗೆ, "ಸ್ಟೂಲು ಅಲುಗಾಡ್ತದೆ, ಬಂದು ಹಿಡ್ಕೋ" ಅಂದೆ. ಅದು ಸುಳ್ಳು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಬಂದ. ಸ್ಟೂಲು ಹಿಡಿದ. ನಾನು ಇಳಿಯತೊಡಗಿದಾಗ ಅಭ್ಯಾಸಬಲದಿಂದ ಎಣಿಸತೊಡಗಿದ. ಹದಿನೆಂಟರ ತನಕ ಎಣಿಸಿದ.

"ಎಂಟು ಎಳೆದೆ ಅತ್ತೆ" ಅಂದ, ನನ್ನ ಕಡೆ ನೋಡದೆ.

"ಗೊತ್ತಪ್ಪಾ" ಅಂದೆ. ಅಷ್ಟೇ ಮಾತು. ಶುಕ್ರವಾರ ಮತ್ತೆ ಬಂದು ಸ್ಟೂಲು ಹಿಡಿದ.

ಮಾರ್ಚ್ ಎರಡನೇ ವಾರ, ಪರೀಕ್ಷೆ ಡ್ಯೂಟಿ ಮುಗಿಸಿ ಹೋದ ಒಂದು ಸಂಜೆ, ಸ್ಟೂಲು ಬೇಡ ಅಂತ ಅವನೇ ಪಕ್ಕಕ್ಕೆ ತಳ್ಳಿದ. ಅಂಗೈ ನನ್ನ ಕಡೆ ತಿರುಗಿಸಿ ಹಿಡಿದು ಜೋತುಬಿದ್ದೆ. ಹೆಗಲು ಕೆಳಗೆ ಎಳೆದೆ. ಮೊಣಕೈ ಮಡಚಿತು. ಅರ್ಧಕ್ಕೆ ಬಂದು ನಿಂತಿತು. ಅಲ್ಲಿಯೇ ಯಾವಾಗಲೂ ನಿಲ್ಲುತ್ತಿದ್ದದ್ದು. ಆದರೆ ಆ ಜಾಗ ನನಗೆ ಗೊತ್ತಿತ್ತು, ನೂರಾರು ಸಲ ಅದನ್ನು ದಾಟಿ ಕೆಳಗೆ ಇಳಿದಿದ್ದೆ. ತಡೆದು ನಿಂತೆ, ಇನ್ನೊಂದು ಚೂರು ಎಳೆದೆ, ಕೊಟ್ಟಿಗೆಯ ಹೆಂಚು ಹತ್ತಿರ ಬಂತು, ಸರಳು ಗದ್ದಕ್ಕಿಂತ ಕೆಳಗೆ ಹೋಯಿತು. ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತಿಗೆ ತಲೆ ಎತ್ತಿ ನೋಡಿ, "ಇಷ್ಟಕ್ಕೇ ಎಂಟು ತಿಂಗಳಾ?" ಅಂದರು.

ಹೌದು, ಇಷ್ಟಕ್ಕೇ. ನೆಲಕ್ಕಿಳಿದು ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಹುಡುಗ ಮಾತ್ರ ಗಂಭೀರವಾಗಿ, "ಅದು ಚಿನ್ ಅಪ್ ಅತ್ತೆ. ಅಂಗೈ ಆಕಡೆ ಮಾಡಿ ಹಿಡಿದ್ರೇನೇ ಪುಲ್ ಅಪ್" ಅಂದ. ವಸ್ತಾದ ಅಂದರೆ ಹಾಗಿರಬೇಕು. ಅಂಗೈ ಆಚೆ ಮಾಡಿ ಹಿಡಿದರೆ ತೋಳಿನ ಸಹಾಯ ಕಡಿಮೆ, ಬೆನ್ನಿಗೆ ಹೊರೆ ಜಾಸ್ತಿ. ಅದಕ್ಕೆ ಇನ್ನೂ ಐದು ವಾರ ಹಿಡಿಯಿತು. ಏಪ್ರಿಲ್ ಬಿಸಿಲಲ್ಲಿ ಅದೂ ಬಂತು.

ಅವತ್ತು ಅವನೇ ಸೀರೆ ಸರಿಸಿ ತನ್ನ ಪೈಪಿಗೆ ಜೋತುಬಿದ್ದ. ಎರಡು ತಿಂಗಳ ಮೇಲೆ. ಐದಕ್ಕೆ ಕೈ ಬಿಟ್ಟ. "ಬಿಟ್ರೆ ಹೋಗ್ತತಿ ಅತ್ತೆ" ಅಂದ. ಬ್ಯಾಂಕಿನಲ್ಲಿಟ್ಟ ಹಾಗೆ ಇಟ್ಟು ಮರೆಯುವ ಹಾಗಿಲ್ಲ ಕಸುವನ್ನು. ಅದು ಸಮಾಧಾನದ ಮಾತಲ್ಲ, ಆದರೆ ಅವನ ವಿಷಯಕ್ಕೆ ನನಗೆ ಸಮಾಧಾನವಾದದ್ದು ಆ ಐದರಿಂದಲೇ. ಈಗ ಬೆಳಿಗ್ಗೆ ಅಪ್ಪನ ಜತೆ ಲೇತಿಗೆ ನಿಲ್ಲುತ್ತಾನೆ, ಪೊಲೀಸ್ ಪರೀಕ್ಷೆಗೂ ಓದುತ್ತಿದ್ದಾನೆ. ಆಗುತ್ತದೋ ಇಲ್ಲವೋ, ನಾನು ಭವಿಷ್ಯ ಹೇಳುವುದಿಲ್ಲ.

ಆ ಹೂವಿನ ಅಜ್ಜಿ ಮತ್ತೆ ಸಿಗಲಿಲ್ಲ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆ? ಜೀವಮಾನವೆಲ್ಲ ಬುಟ್ಟಿ ಹೊತ್ತವಳ ಮುಂದೆ, ಎಂಟು ತಿಂಗಳು ಪಟ್ಟು ಹಿಡಿದು ನನ್ನನ್ನೇ ನಾನು ಒಂದು ಸಲ ಎತ್ತಿದೆ ಅಂದರೆ ಆಕೆ ನಗುತ್ತಿದ್ದಳು. ನಾನೀಗ ಗಾಡಿ ಹತ್ತುವುದು ಪ್ಲಾಟ್‌ಫಾರ್ಮಿನ ಕಡೆಯಿಂದಲೇ. ಹತ್ತುವಾಗ ಹಿಡಿಕೆಯನ್ನು ಮಾತ್ರ ಒಂದು ಸಲ ಗಟ್ಟಿಯಾಗಿ ಹಿಡಿದು ನೋಡುತ್ತೇನೆ.

ಈಗ ಎರಡು ಬರುತ್ತದೆ ಅಂತ ನಾನು ಹೇಳುತ್ತೇನೆ. ಎರಡನೆಯದಕ್ಕೆ ಗದ್ದ ಸರಿಯಾಗಿ ದಾಟುವುದಿಲ್ಲ ಅಂತ ಹುಡುಗ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ.